ಕಥಾನಾಯಕರ ವಯಸ್ಸು

ಬಹುಕಾಲ ನಡೆಯುವ ಕಥೆಯಲ್ಲಿ ನಾಯಕನ ವಯಸ್ಸು ಏನಾಗಬೇಕೆಂಬುದು ಮೇಲುನೋಟಕ್ಕೆ ಚಿಕ್ಕ ಪ್ರಶ್ನೆ. ಕಥೆಯನ್ನು ಕೇಳುವ ಬಾಲಕನು ಮುದುಕನಾಗುತ್ತಾನೆ. ಹೇಳುವವನು ತೀರಿಹೋಗಿ ಬೇರೊಬ್ಬನು ಆ ಸ್ಥಾನಕ್ಕೆ ಬರುತ್ತಾನೆ. ನಾಯಕನು ಮಾತ್ರ ಇದ್ದಂತೆಯೇ ಇರುತ್ತಾನೆ. ಅಮೆರಿಕಾ ದೇಶದ ಅತಿಮಾನುಷ ವೀರರ ಚಿತ್ರಕಥೆಗಳಲ್ಲಿ ಇದು ಎದ್ದು ಕಾಣುತ್ತದೆ. ಜೆರಿ ಸೀಗೆಲ್, ಜೋ ಶುಸ್ಟರ್ ಎಂಬಿಬ್ಬರು ನಿರ್ಮಿಸಿದ ಸೂಪರ್‌ಮ್ಯಾನನು ೧೯೩೮ರ ಜೂನ್ ತಿಂಗಳ ಸಂಚಿಕೆಯಲ್ಲಿಯೂ, ಬ್ಯಾಟ್‌ಮ್ಯಾನನು ೧೯೩೯ರ ಮೇ ತಿಂಗಳ ಸಂಚಿಕೆಯಲ್ಲಿಯೂ ಮೊದಲು ಕಾಣಿಸಿಕೊಂಡರು. ಅಂದೇ ಪ್ರಾಪ್ತವಯಸ್ಕರಾಗಿದ್ದ ಇವರಿಗೆ ಲೆಕ್ಕದಂತೆ ಇಂದು ನೂರು ವರ್ಷ ಮೀರಿರಬೇಕು; ಆದರೂ ಇಬ್ಬರೂ ತರುಣರೇ. ಇಟಲಿಯ ವಿದ್ವಾಂಸ ಉಂಬೆರ್ತೊ ಎಕೋ ಎಂಬವನು ೧೯೬೨ರಲ್ಲಿ ಈ ವಿಷಯವನ್ನು ವಿಚಾರಿಸಿ, ನಾಯಕನು ಕಾರ್ಯವೆಸಗಿದಷ್ಟೂ ಮರಣದ ಕಡೆಗೆ ಒಂದೊಂದು ಹೆಜ್ಜೆ ಸವೆಯುವನೆಂದೂ, ಆ ಸವೆತವನ್ನು ತಪ್ಪಿಸುವುದಕ್ಕಾಗಿಯೇ ಪ್ರತಿಯೊಂದು ಸಾಹಸವೂ ಹಿಂದಿನದರ ನೆನಪಿಲ್ಲದಂತೆ ಹೊಸದಾಗಿ ಆರಂಭವಾಗುವುದೆಂದೂ ತೋರಿಸಿಕೊಟ್ಟನು.

ಈ ತೊಡಕು ಚಿತ್ರಕಥೆಗಳೊಡನೆ ಹುಟ್ಟಿದ್ದಲ್ಲ. ಕನ್ನಡನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಕವಿಗಳು ಇದನ್ನು ಎದುರಿಸಿದ್ದರು. ಅವರು ಹಿಡಿದ ದಾರಿಗಳನ್ನು ಹೋಲಿಸಿದರೆ ಒಂದು ಸಂಗತಿ ಗೋಚರವಾಗುತ್ತದೆ. ನಾಯಕನಿಗೆ ವಯಸ್ಸಾಗಬೇಕೋ ಬೇಡವೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸಿದವನು ಕವಿಯಲ್ಲ, ಆ ಕಥೆಯನ್ನು ಪೋಷಿಸಿದ ಆಶ್ರಯದಾತನು.

ಮೊದಲು ಮೂಲಭಾರತವನ್ನು ನೋಡತಕ್ಕದ್ದು. ವ್ಯಾಸರು ವೀರರ ವಯಸ್ಸನ್ನು ಮರೆಯುವುದಿಲ್ಲ. ಯುದ್ಧವು ಮುಗಿದ ಮೂವತ್ತಾರನೆಯ ವರ್ಷದಲ್ಲಿ ಯಾದವರು ಪರಸ್ಪರ ಹೊಡೆದಾಡಿ ನಾಶವಾದ ವೃತ್ತಾಂತವು ಮೌಸಲಪರ್ವದಲ್ಲಿದೆ. ಕೃಷ್ಣನಿಲ್ಲದ ದ್ವಾರಕೆಯಿಂದ ಸ್ತ್ರೀಯರನ್ನು ಕರೆದುಕೊಂಡು ಹೊರಟ ಅರ್ಜುನನನ್ನು ದಾರಿಯಲ್ಲಿ ಆಭೀರರು ದೊಣ್ಣೆಗಳನ್ನು ಹಿಡಿದು ಅಡ್ಡಗಟ್ಟುತ್ತಾರೆ. ಗಾಂಡೀವಕ್ಕೆ ಹೆದೆಯೇರಿಸುವುದೇ ಅವನಿಗೆ ಪ್ರಯಾಸವಾಗುತ್ತದೆ; ದಿವ್ಯಾಸ್ತ್ರಗಳು ನೆನಪಿಗೆ ಬಾರವು; ಅಕ್ಷಯವೆನಿಸಿದ್ದ ಬಾಣಗಳು ತೀರಿಹೋಗುತ್ತವೆ; ಕಣ್ಣೆದುರಿಗೇ ಸ್ತ್ರೀಯರ ಅಪಹರಣವಾಗುತ್ತದೆ. ಭೀಷ್ಮದ್ರೋಣರ ಎದುರಿನಲ್ಲಿ ನಿಂತವನು ಕೋಲು ಹಿಡಿದ ಕಳ್ಳರ ಮುಂದೆ ಸೋಲುತ್ತಾನೆ. ಎಲ್ಲಕ್ಕೂ ಕಾಲವೇ ಮೂಲವೆಂದು ವ್ಯಾಸರು ಅವನನ್ನು ಸಂತೈಸುತ್ತಾರೆ. ಇದಾದ ಮೇಲೆ ಪಾಂಡವರಿಗೆ ಉಳಿಯುವುದು ಮಹಾಪ್ರಸ್ಥಾನವೊಂದೇ.

ಈ ಭಾಗವು ಕನ್ನಡದ ಹಳೆಯ ಭಾರತಗಳಲ್ಲಿ ಏನಾಯಿತೆಂಬುದು ವಿಚಾರಣೀಯವಾಗಿದೆ. ಪಂಪನು ಕ್ರಿ. ಶ. ೯೪೧ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದಾಗ, ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಗೂ ಅರ್ಜುನನಿಗೂ ಅಭೇದವನ್ನು ಕಲ್ಪಿಸಿದನು. ಅರಿಕೇಸರಿಯ ಬಿರುದುಗಳು ಅರ್ಜುನನಿಗೆ ಬಂದುವು. ದ್ವಾಪರದ ಅರ್ಜುನನು ಹತ್ತನೆಯ ಶತಮಾನಕ್ಕೆ ಸರಿದು ಬಂದನು. ಅಮೆರಿಕಾದ ಕಥೆಗಾರರೂ ಇದೇ ಯುಕ್ತಿಯನ್ನು ಹಿಡಿದಿದ್ದಾರೆ. ಐರನ್‌ಮ್ಯಾನ್ ಎಂಬ ವೀರನು ೧೯೬೩ರ ಮೊದಲ ಕಥೆಯಲ್ಲಿ ಗಾಯಗೊಂಡದ್ದು ವಿಯೆಟ್ನಾಮಿನಲ್ಲಿ. ಆ ಯುದ್ಧವು ಹಳತಾದ ಮೇಲೆ ಅದೇ ಘಟನೆಯನ್ನು ಅಫ್ಘಾನಿಸ್ಥಾನಕ್ಕೆ ವರ್ಗಾಯಿಸಿದರು. ವರ್ತಮಾನವು ಮುಂದೆ ಸರಿದಂತೆಲ್ಲ ನಾಯಕನ ಪೂರ್ವವೃತ್ತಾಂತವನ್ನೂ ಹಿಂದಿನಿಂದ ಎಳೆದುಕೊಂಡು ಬರುವುದು ಈ ಯುಕ್ತಿಯ ಸಾರ.

ಪಂಪನಿಗೆ ಇದರಿಂದ ಲಾಭವಾದಂತೆ ಒಂದು ಕಟ್ಟೂ ಬಿದ್ದಿತು. ಸಿಂಹಾಸನದ ಮೇಲೆ ಕುಳಿತು ಕಾವ್ಯವನ್ನು ಕೇಳುತ್ತಿರುವ ಅರಸನ ಮುಂದೆ ಅವನ ಬತ್ತಳಿಕೆ ಬರಿದಾಯಿತೆಂದು ಓದುವುದು ಹೇಗೆ? ಹಿಮಾಲಯದಲ್ಲಿ ಬಿದ್ದು ಸತ್ತನೆಂದು ಹೇಳುವುದು ಹೇಗೆ? ಆದುದರಿಂದ ಅರ್ಜುನನಿಗೂ ಸುಭದ್ರೆಗೂ ಪಟ್ಟವನ್ನು ಕಟ್ಟಿ ಪಂಪನು ಕಥೆಯನ್ನು ಮುಗಿಸಿದನು. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ರನ್ನನ ಸ್ಥಿತಿಯೂ ಹೀಗೆಯೇ. ಅವನನ್ನು ಮನ್ನಿಸಿದ ಚಾಲುಕ್ಯ ತೈಲಪನು ಮೊದಲು ರಾಷ್ಟ್ರಕೂಟರ ಸಾಮಂತನಾಗಿ ವಿಜಯಪುರದ ಸುತ್ತಣ ತರ್ದವಾಡಿ ಸಾಸಿರವನ್ನು ಆಳುತ್ತಿದ್ದನೆಂಬುದು ೯೬೫ರ ನರಸಲಗಿಯ ಶಾಸನದಿಂದ ತಿಳಿಯುತ್ತದೆ. ತೈಲಪನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಒಂದುಗೂಡಿಸಿ ರನ್ನನು ಗದಾಯುದ್ಧವನ್ನು ಬರೆದನು. ಧರ್ಮರಾಯನಿಗೆ ಸಲ್ಲಬೇಕಾದ ಪಟ್ಟಾಭಿಷೇಕವು ಅಲ್ಲಿ ಭೀಮನಿಗೆ ಸಂದಿತು. ಭೀಮನು ಆ ಪಟ್ಟದಲ್ಲಿಯೇ ನಿಂತುಬಿಟ್ಟನು. ಆದರೆ ಅದೇ ಕಾವ್ಯದಲ್ಲಿ ದುರ್ಯೋಧನನು ಹೆಣಗಳ ನಡುವೆ ಒಬ್ಬೊಂಟಿಯಾಗಿ ನಡೆದು, ಸತ್ತ ಗುರುವನ್ನೂ ತಮ್ಮನನ್ನೂ ಮಗನನ್ನೂ ಗೆಳೆಯನನ್ನೂ ಕಂಡು ಗೋಳಾಡುತ್ತಾನೆ. ಕಳೆದುಹೋದ ಕಾಲದ ಭಾರವನ್ನು ರನ್ನನು ಹೊರಿಸಿದ್ದು ಆಶ್ರಯದಾತನಲ್ಲದ ಪಾತ್ರದ ಮೇಲೆ. ಸಹೃದಯರು ಗದಾಯುದ್ಧವನ್ನು ನೆನೆಯುವಾಗ ಭೀಮನಿಗಿಂತ ಮೊದಲು ದುರ್ಯೋಧನನನ್ನು ನೆನೆಯುವುದಕ್ಕೆ ಇದೂ ಒಂದು ಕಾರಣವಿರಬೇಕು.

ಗದುಗಿನ ಕುಮಾರವ್ಯಾಸನಿಗೆ ಇಂತಹ ರಾಜನ ಕಟ್ಟು ಇರಲಿಲ್ಲ. ವೀರನಾರಾಯಣನೇ ಅವನಿಗೆ ಒಡೆಯನು. ಆದರೂ ಅವನ ಭಾರತವು ಮೊದಲ ಹತ್ತು ಪರ್ವಗಳಿಗೆ ನಿಂತಿತು. ತಾನು ಹೇಳುವುದು ಕೃಷ್ಣನ ಕಥೆಯೆಂದು ಅವನೇ ಸಾರಿರುವುದರಿಂದ, ಕೃಷ್ಣನ ಅವಸಾನವನ್ನು ಹೇಳಲು ಭಕ್ತನಿಗೆ ಮನಸ್ಸು ಬಾರದಿದ್ದಿರಬಹುದೆಂದು ಊಹಿಸಲವಕಾಶವುಂಟು. ಉಳಿದ ಪರ್ವಗಳನ್ನು ತಿಮ್ಮಣ್ಣಕವಿಯು ವಿಜಯನಗರದ ಕೃಷ್ಣದೇವರಾಯನ ಆಳ್ವಿಕೆಯಲ್ಲಿ (೧೫೦೯–೧೫೨೯) ಪೂರ್ಣಗೊಳಿಸಿ ಕೃಷ್ಣರಾಯಭಾರತವೆಂದು ಹೆಸರಿಟ್ಟನು. ಇಲ್ಲಿ ಆಶ್ರಯದಾತನ ಹೆಸರು ಗ್ರಂಥಕ್ಕೆ ಬಂದಿತೇ ಹೊರತು ಪಂಪನಲ್ಲಿಯಂತೆ ನಾಯಕನಿಗೆ ಅಂಟಲಿಲ್ಲ. ಹೀಗಾಗಿ ಪಾಂಡವರ ಮುಪ್ಪನ್ನೂ ಪ್ರಯಾಣವನ್ನೂ ಹೇಳುವುದಕ್ಕೆ ಅಡ್ಡಿಯಾಗಲಿಲ್ಲ.

ಮತ್ತೊಂದು ಉಪಾಯವು ಕಾವ್ಯಕ್ಕಿಂತ ಅರಮನೆಗೆ ಸೇರಿದ್ದು. ವ್ಯಕ್ತಿಯು ಅಳಿದರೂ ಹೆಸರು ಅಳಿಯದಂತೆ ಮಾಡುವುದೇ ಅದು. ವಿಕ್ರಮಾದಿತ್ಯನೆಂಬ ನಾಮವು ಬಾದಾಮಿಯ ಚಾಲುಕ್ಯರಲ್ಲಿ ಇಬ್ಬರಿಗೆ ಬಂದು, ಕಲ್ಯಾಣದ ಚಾಲುಕ್ಯರಲ್ಲಿಯೂ ಮುಂದುವರಿಯಿತು. ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಪಟ್ಟವೇರಿ, ಶಕವರ್ಷವನ್ನು ಬಿಟ್ಟು ತನ್ನ ಹೆಸರಿನಲ್ಲಿಯೇ ಚಾಲುಕ್ಯವಿಕ್ರಮವರ್ಷವನ್ನು ಆರಂಭಿಸಿದನು. ಕಾಲವನ್ನೇ ನಾಯಕನಿಂದ ಎಣಿಸುವ ಈ ಏರ್ಪಾಡು ಅವನಿದ್ದಷ್ಟು ದಿನ ಚೆನ್ನಾಗಿ ನಡೆಯಿತು. ೧೧೨೬ರಲ್ಲಿ ಅವನ ಆಳ್ವಿಕೆ ಮುಗಿಯಿತು. ಮಗನಾದ ಭೂಲೋಕಮಲ್ಲ ಸೋಮೇಶ್ವರನು ತನ್ನದೇ ವರ್ಷಗಣನೆಯನ್ನು ತೊಡಗಿದನು. ಕಾಲಕ್ರಮದಲ್ಲಿ ವಿಕ್ರಮವರ್ಷವು ನಿಂತುಹೋಗಿ ಶಕವರ್ಷವೇ ಉಳಿಯಿತು. ಚಿತ್ರಕಥೆಗಳಲ್ಲಿ ಈ ಉಪಾಯವನ್ನು ಬಳಸಿದವನು ಲೀ ಫಾಕ್. ೧೯೩೬ರಲ್ಲಿ ಅವನು ತಂದ ಫ್ಯಾಂಟಮನು ಸಾವಿಲ್ಲದವನೆಂದು ಕಾಡಿನ ಜನ ನಂಬುತ್ತಾರೆ. ನಿಜವಾಗಿ ಅವನು ೧೫೩೬ರಿಂದ ತಂದೆಯ ತರುವಾಯ ಮಗನು ಅದೇ ಮುಖವಾಡವನ್ನು ಧರಿಸುತ್ತ ಬಂದ ವಂಶದ ಇಪ್ಪತ್ತೊಂದನೆಯವನು. ಇಲ್ಲಿ ಹಿಂದಿನ ಇಪ್ಪತ್ತು ಮಂದಿಗೆ ಸಾವುಂಟು, ಸಮಾಧಿಯುಂಟು. ಇಪ್ಪತ್ತೊಂದನೆಯವನು ಮಾತ್ರ ದಶಕಗಳಿಂದ ಮುದುಕನಾಗಿಲ್ಲ. ಓದುಗರು ಹಣ ಕೊಟ್ಟು ಕೊಳ್ಳುವ ಸಂಚಿಕೆಯಲ್ಲಿರುವವನು ಅವನೇ.

ಪೌರಾಣಿಕರ ದಾರಿ ಬೇರೆ. ಎರಡು ಪುರಾಣಗಳಲ್ಲಿ ಒಬ್ಬನೇ ವ್ಯಕ್ತಿಯ ಚರಿತ್ರೆ ಎರಡು ಬಗೆಯಾಗಿದ್ದರೆ ವ್ಯಾಖ್ಯಾನಕಾರರು ಕಲ್ಪಭೇದವನ್ನು ಹೇಳಿ ಸಮನ್ವಯ ಮಾಡುತ್ತಾರೆ. ಆ ಕಲ್ಪದಲ್ಲಿ ಹಾಗೆ ನಡೆಯಿತು, ಈ ಕಲ್ಪದಲ್ಲಿ ಹೀಗೆ, ಎರಡೂ ಸತ್ಯವೇ. ಸೂಪರ್‌ಮ್ಯಾನನ ಪ್ರಕಾಶಕರು ೧೯೬೧ರಲ್ಲಿ ಇದಕ್ಕೆ ಸಮೀಪವಾದ ಮಾರ್ಗವನ್ನೇ ಹಿಡಿದು, ಭೂಮಿಗಳೇ ಎರಡುಂಟೆಂದು ಹೇಳಿ, ಹಳೆಯ ಕಥೆಗಳ ವೀರರನ್ನು ಎರಡನೆಯ ಭೂಮಿಗೆ ಕಳುಹಿಸಿದರು. ಅಲ್ಲಿದ್ದವರಿಗೆ ಕೂದಲು ನರೆಯುವುದಕ್ಕೆ ಅನುಮತಿ ದೊರೆಯಿತು. ಭೂಮಿಗಳ ಸಂಖ್ಯೆ ಹೆಚ್ಚಿ ಗೊಂದಲವಾದಾಗ ೧೯೮೫–೮೬ರಲ್ಲಿ ಒಂದು ಮಹಾಪ್ರಳಯವನ್ನು ಬರೆದು ಎಲ್ಲವನ್ನೂ ಒಂದುಗೂಡಿಸಿದರು. ಪೌರಾಣಿಕರ ಪ್ರಳಯವು ಸೃಷ್ಟಿಗೆ ಸಂಬಂಧಪಟ್ಟದ್ದು. ಇವರದು ಲೆಕ್ಕಪತ್ರಕ್ಕೆ ಸಂಬಂಧಪಟ್ಟದ್ದೆಂಬುದು ಮುಖ್ಯವಾದ ವ್ಯತ್ಯಾಸ.

ಇಷ್ಟರ ಮೇಲೆ, ಚಿತ್ರಗಳೊಡನೆ ತಿಂಗಳು ತಿಂಗಳೂ ಕನ್ನಡದ ಮನೆಗಳಿಗೆ ಬಂದ ನಾಯಕನೊಬ್ಬನನ್ನು ವಿಚಾರಿಸಬೇಕು. ಅವನು ಬೇತಾಳವನ್ನು ಹೊತ್ತ ತ್ರಿವಿಕ್ರಮ. ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನು ಕಥಾಸರಿತ್ಸಾಗರದ ಶಶಾಂಕವತೀಲಂಬಕದಲ್ಲಿ ಈ ಕಥೆಯನ್ನು ಪೂರ್ಣವಾಗಿ ಹೇಳಿದ್ದಾನೆ. ಗೋದಾವರಿಯ ತೀರದ ಪ್ರತಿಷ್ಠಾನದಲ್ಲಿ ತ್ರಿವಿಕ್ರಮಸೇನನೆಂಬ ಅರಸು. ಕ್ಷಾಂತಿಶೀಲನೆಂಬ ಭಿಕ್ಷುವು ಹತ್ತು ವರ್ಷಗಳ ಕಾಲ ದಿನಕ್ಕೊಂದು ಹಣ್ಣನ್ನು ತಂದೊಪ್ಪಿಸುತ್ತಾನೆ. ಕಪಿಯೊಂದು ಒಂದು ಹಣ್ಣನ್ನು ಕಚ್ಚಿದಾಗ ಒಳಗಿನ ರತ್ನವು ಹೊರಬೀಳುತ್ತದೆ. ಅರಸನು ಭಿಕ್ಷುವಿನ ಕೋರಿಕೆಗೆ ಒಪ್ಪಿ ಕೃಷ್ಣಚತುರ್ದಶಿಯ ರಾತ್ರಿ ಸ್ಮಶಾನಕ್ಕೆ ಹೋಗಿ ಶಿಂಶಪಾವೃಕ್ಷದಿಂದ ಹೆಣವನ್ನಿಳಿಸಿ ಹೊರುತ್ತಾನೆ. ಹೆಣದೊಳಗಿನ ಬೇತಾಳವು ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಬಲ್ಲ ಅರಸನು ಮೌನವನ್ನು ಮುರಿಯುತ್ತಾನೆ. ಬೇತಾಳವು ಮರಕ್ಕೆ ಹಿಂದಿರುಗುತ್ತದೆ. ಇಪ್ಪತ್ತನಾಲ್ಕನೆಯ ಕಥೆಯಲ್ಲಿ ತಂದೆಯು ಮಗಳನ್ನೂ ಮಗನು ಆಕೆಯ ತಾಯಿಯನ್ನೂ ಮದುವೆಯಾಗಿ ಹುಟ್ಟಿದ ಮಕ್ಕಳ ಸಂಬಂಧವೇನೆಂಬುದಕ್ಕೆ ಅರಸನಿಗೆ ಉತ್ತರ ತಿಳಿಯದು. ಆ ಮೌನದಿಂದ ಸಂತುಷ್ಟವಾದ ಬೇತಾಳವು, ಭಿಕ್ಷುವು ನಿನ್ನನ್ನೇ ಬಲಿಕೊಡಲಿದ್ದಾನೆ ಎಂಬ ಗುಟ್ಟನ್ನು ಬಯಲುಮಾಡುತ್ತದೆ. ಅರಸನು ಕಪಟಿಯ ತಲೆಯನ್ನು ಕಡಿಯುತ್ತಾನೆ. ಇದು ಇಪ್ಪತ್ತೈದನೆಯದು. ಹತ್ತು ವರ್ಷ, ಆ ಮೇಲೆ ಒಂದು ರಾತ್ರಿ, ಅನಂತರ ಬೆಳಗು. ಕಥೆಯ ಕಾಲವು ಅಳತೆಗೆ ಸರಿಯಾಗಿದೆ.

ಬಿ. ನಾಗಿರೆಡ್ಡಿ, ಚಕ್ರಪಾಣಿ ಇವರು ೧೯೪೭ರ ಜುಲೈಯಲ್ಲಿ ಮದರಾಸಿನಿಂದ ತೆಲುಗು ತಮಿಳುಗಳಲ್ಲಿ ಹೊರಡಿಸಿದ ಚಂದಮಾಮವು ೧೯೪೯ರಲ್ಲಿ ಕನ್ನಡಕ್ಕೂ ಬಂದಿತು. ಅದರಲ್ಲಿ ಬೇತಾಳಕಥೆಗಳು ಆರಂಭವಾಗಿ, ಮೂಲದವು ತೀರಿದ ಮೇಲೆಯೂ ಪತ್ರಿಕೆಯ ಲೇಖಕರು ಹೊಸ ಹೊಸ ಕಥೆಗಳನ್ನು ಕಟ್ಟುತ್ತ ಹೋದರು. ಕತ್ತಿ ಹಿರಿದು ಹೆಣವನ್ನು ಹೆಗಲಿಗೇರಿಸಿದ ಅರಸನನ್ನು ಶಂಕರ್ ಎಂಬ ಹೆಸರಿನ ಚಿತ್ರಕಾರರು (೧೯೨೪–೨೦೨೦) ಎಷ್ಟು ಚೆನ್ನಾಗಿ ಬರೆದರೆಂದರೆ, ಆ ಆಕೃತಿಯೇ ಜನರ ಮನಸ್ಸಿನಲ್ಲಿ ನಿಂತಿತು. ಛಲ ಬಿಡದ ತ್ರಿವಿಕ್ರಮನೆಂಬುದು ಕನ್ನಡಿಗರ ಪಡೆನುಡಿಯಾಯಿತು. ಚಿತ್ರಕಾರರು ವೃದ್ಧರಾದರು, ಮೊದಲ ಓದುಗರು ಅಜ್ಜಂದಿರಾದರು, ಅರಸನ ಮೀಸೆ ನರೆಯಲಿಲ್ಲ, ಆ ರಾತ್ರಿ ಬೆಳಗಾಗಲಿಲ್ಲ. ಮುಂದಿನ ತಿಂಗಳು ಬೇತಾಳವು ಮತ್ತೆ ಮರದಲ್ಲಿರಬೇಕಾದುದರಿಂದ ಯಾವ ತಿಂಗಳೂ ಇಪ್ಪತ್ತೈದನೆಯದಾಗುವಂತಿರಲಿಲ್ಲ. ಆಶ್ರಯದಾತನು ಇಲ್ಲಿ ಅರಸನಲ್ಲ. ಹಳಬರು ದೊಡ್ಡವರಾಗಿ ಹೋದಂತೆ ಹೊಸದಾಗಿ ಬರುವ ಬಾಲಕನು. ಅವನಿಗೆ ಪ್ರತಿಯೊಂದು ತಿಂಗಳೂ ಮೊದಲನೆಯದೇ. ೨೦೧೩ರ ವೇಳೆಗೆ ಪತ್ರಿಕೆಯೇ ನಿಂತಿತು.

ಈ ಏರ್ಪಾಡಿನಿಂದ ಕನ್ನಡದ ಮಕ್ಕಳಿಗೆ ನೂರಾರು ನ್ಯಾಯವಿಚಾರದ ಕಥೆಗಳು ದೊರೆತುವು. ಆ ಉಪಕಾರವು ಸಣ್ಣದಲ್ಲ. ಆದರೆ ಕಳೆದುಹೋದದ್ದೇನೆಂಬುದನ್ನೂ ಹೇಳಬೇಕು. ಕಡೆಯಿಲ್ಲದ ಕಥೆಯಲ್ಲಿ ಕ್ಷಾಂತಿಶೀಲನ ಕಪಟವು ಹೊರಬೀಳುವುದಿಲ್ಲ. ಎಲ್ಲ ಪ್ರಶ್ನೆಗಳಿಗೂ ಉತ್ತರ ಬಲ್ಲವನು ತನ್ನನ್ನು ಕಳುಹಿಸಿದವನಾರೆಂಬುದನ್ನು ಅರಿಯದೆ ಇರುವನೆಂಬುದೂ, ಬಲ್ಲೆನೆಂಬ ಮಾತು ಅವನನ್ನು ಅಲೆಸಿದರೆ ಅರಿಯೆನೆಂಬ ಮೌನವೇ ಅವನನ್ನು ಬದುಕಿಸಿತೆಂಬುದೂ ಮೂಲಕಥೆಯ ತಿರುಳು. ಕೊನೆಯಿಲ್ಲದೆ ಆ ತಿರುಳಿಗೆ ಎಡೆಯಿಲ್ಲ; ಉಳಿಯುವುದು ಅರಸನ ಹಟವೊಂದೇ. ಅಮೆರಿಕಾದಲ್ಲಿಯೂ ಹೀಗಾದುದುಂಟು. ೧೯೬೨ರಲ್ಲಿ ಶಾಲೆಯ ಹುಡುಗನಾಗಿ ಬಂದ ಸ್ಪೈಡರ್‌ಮ್ಯಾನನು ೧೯೬೫ರಲ್ಲಿ ಶಾಲೆಯನ್ನು ಮುಗಿಸಿ, ಕಾಲೇಜಿಗೆ ಹೋಗಿ, ೧೯೮೭ರಲ್ಲಿ ಮದುವೆಯಾದನು. ವಾಚಕರೊಡನೆ ತಾನೂ ನಿಧಾನವಾಗಿ ಬೆಳೆದನು. ೨೦೦೭ರಲ್ಲಿ, ಸಾಯುತ್ತಿದ್ದ ಚಿಕ್ಕಮ್ಮನನ್ನು ಉಳಿಸುವುದಕ್ಕಾಗಿ ಪಿಶಾಚಿಯೊಡನೆ ಒಪ್ಪಂದ ಮಾಡಿಕೊಂಡನೆಂದು ಬರೆದು, ಆ ಮದುವೆಯೇ ಆಗಲಿಲ್ಲವೆಂಬಂತೆ ಅಳಿಸಿಹಾಕಿದರು. ತಾರುಣ್ಯಕ್ಕೆ ತೆತ್ತ ಬೆಲೆ ಅವನು ಬಾಳಿದ ಇಪ್ಪತ್ತು ವರ್ಷ.

ಸೋಮದೇವನ ಅರಸನು ಬೇತಾಳದಿಂದ ಬೇಡಿದ ವರವನ್ನು ಇಲ್ಲಿ ಗಮನಿಸತಕ್ಕದ್ದು. ಇಪ್ಪತ್ತನಾಲ್ಕು ಕಥೆಗಳೂ ಸಮಾಪ್ತಿಯಾದ ಇಪ್ಪತ್ತೈದನೆಯದೂ ಲೋಕದಲ್ಲಿ ಪ್ರಸಿದ್ಧವಾಗಿ ಪೂಜ್ಯವಾಗಲೆಂದು ಅವನು ಕೇಳಿದನು. ಅವನಿಗೆ ಶಿವನು ಅನುಗ್ರಹಿಸಿದ ವಿದ್ಯಾಧರಪದವಿಗೂ ಕೊನೆಯುಂಟು. ಭೋಗಗಳನ್ನು ಬಹುಕಾಲ ಅನುಭವಿಸಿ, ತಾನಾಗಿಯೇ ಬಿಟ್ಟು, ಶಿವನನ್ನು ಸೇರುವನೆಂದು ಅಲ್ಲಿಯೇ ಹೇಳಿದೆ. ಆದುದರಿಂದ ಕನ್ನಡದಲ್ಲಿ ಬೇತಾಳಕಥೆಗಳನ್ನು ಇನ್ನು ಮುಂದೆ ಅಚ್ಚುಹಾಕಿಸುವವರು, ಹೊಸ ಕಥೆಗಳನ್ನು ಎಷ್ಟು ಸೇರಿಸಿದರೂ ಸರಿಯೆ, ಆ ಇಪ್ಪತ್ತೈದನೆಯದನ್ನು ಬಿಡದೆ ಕೊನೆಯಲ್ಲಿಡುವುದು ಯುಕ್ತವಾಗಿದೆ.