ಮೊದಲ ಪ್ರಕ್ರಿಯೆಯ ಹೊಣೆ: ಲಿನಕ್ಸ್‌ನ ಆರಂಭ ಮತ್ತು ಸಾಧನ ನಿರ್ವಹಣೆಯಲ್ಲಿ ಸರಳತೆ, ಸಂಕೀರ್ಣತೆ

ಗಣಕಯಂತ್ರ ಚಾಲೂ ಆದಾಗ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಮೊದಲು ಮೆಮೊರಿಯೊಳಗೆ ನೆಲೆಗೊಂಡು, ಯಂತ್ರಾಂಶವನ್ನು ತನ್ನ ಹತೋಟಿಗೆ ತೆಗೆದುಕೊಂಡು, ಬಳಿಕ ಬಳಕೆದಾರ ವಲಯದಲ್ಲಿ ಒಂದೇ ಒಂದು ಪ್ರಕ್ರಿಯೆಯನ್ನು ಆರಂಭಿಸುತ್ತದೆ. ಯೂನಿಕ್ಸ್ ಪರಂಪರೆಯಲ್ಲಿ ಇನಿಟ್ ಎಂದು ಹೆಸರಾದ, 1 ಎಂಬ ಕ್ರಮಸಂಖ್ಯೆ ಹೊತ್ತ ಈ ಪ್ರಕ್ರಿಯೆಯೇ ಆ ವಲಯದ ಉಳಿದ ಸೇವೆಗಳನ್ನು ಎಬ್ಬಿಸುತ್ತದೆ, ಪೋಷಕ ಪ್ರಕ್ರಿಯೆಯನ್ನು ಕಳೆದುಕೊಂಡವುಗಳನ್ನು ತನ್ನ ಸುಪರ್ದಿಗೆ ಪಡೆಯುತ್ತದೆ. ಲಿನಕ್ಸ್‌ನಲ್ಲಿ ಅದು ಕುಸಿದರೆ ಇಡೀ ವ್ಯವಸ್ಥೆಯೇ ಸ್ಥಗಿತಗೊಳ್ಳುತ್ತದೆ. ಇಷ್ಟು ಸೂಕ್ಷ್ಮವಾದ ಸ್ಥಾನಕ್ಕೆ ಎಷ್ಟು ಹೊಣೆಯನ್ನು ಒಪ್ಪಿಸಬೇಕು ಎಂಬ ಪ್ರಶ್ನೆ ಈ ಕ್ಷೇತ್ರದ ಇತಿಹಾಸದುದ್ದಕ್ಕೂ ಹರಿದು ಬಂದಿದೆ.

ಆರಂಭದ ಯೂನಿಕ್ಸ್‌ನಲ್ಲಿ ಉತ್ತರ ಚಿಕ್ಕದಾಗಿತ್ತು. ಇನಿಟ್ ಆರ್‌ಸಿ ಎಂಬ ಒಂದು ಶೆಲ್ ಸ್ಕ್ರಿಪ್ಟನ್ನು, ಅಂದರೆ ಸಾಲುಸಾಲಾಗಿ ಬರೆದ ಆದೇಶಗಳ ಕಡತವನ್ನು ನಡೆಸಿ, ಪ್ರತಿ ಟರ್ಮಿನಲ್‌ಗೆ ಲಾಗಿನ್ ಸೌಲಭ್ಯ ಒದಗಿಸಿ ಸುಮ್ಮನಾಗುತ್ತಿತ್ತು. ಬಿಎಸ್‌ಡಿ ಶಾಖೆ ಈ ಮಾದರಿಯನ್ನೇ ಮುಂದುವರಿಸಿದರೆ, 1983ರ ಸಿಸ್ಟಂ ಫೈವ್ ಒಬ್ಬನೇ ಬಳಕೆದಾರನ ದುರಸ್ತಿ ಸ್ಥಿತಿ, ಬಹುಬಳಕೆದಾರ ಸ್ಥಿತಿ ಮುಂತಾದವನ್ನು ರನ್‌ಲೆವೆಲ್ ಎಂಬ ಸಂಖ್ಯೆಗಳಿಂದ ಗುರುತಿಸುವ ಪದ್ಧತಿಯನ್ನು ಬಳಸಿತು. ಪ್ರತಿ ಸೇವೆಗೂ ಪ್ರತ್ಯೇಕ ಸ್ಕ್ರಿಪ್ಟ್ ಇದ್ದು, ಅದರ ಹೆಸರಿನ ಮುಂದಿನ ಅಂಕಿಯೇ ಸರದಿಯನ್ನು ನಿರ್ಧರಿಸುವ ಈ ಪದ್ಧತಿಯನ್ನು ಮಿಕೆಲ್ ವಾನ್ ಸ್ಮೂರೆನ್‌ಬರ್ಗ್ ಸಿಸ್‌ವಿಇನಿಟ್ ಮೂಲಕ ಲಿನಕ್ಸ್‌ಗೆ ತಂದರು. ಯಾವ ಸೇವೆ ಯಾವುದನ್ನು ಅವಲಂಬಿಸಿದೆ ಎಂಬ ತಿಳಿವಳಿಕೆ ಮಾತ್ರ ಅಂಕಿಗಳ ಹಿಂದೆ ಅವಿತುಕೊಂಡಿತು. 2000ದಲ್ಲಿ ಬಂದ ನೆಟ್‌ಬಿಎಸ್‌ಡಿ 1.5 ಅವಲಂಬನೆಯನ್ನು ಸ್ಕ್ರಿಪ್ಟಿನಲ್ಲೇ ನಮೂದಿಸಿ, ಸರದಿಯನ್ನು ಲೆಕ್ಕಹಾಕಿ ಪಡೆಯುವ ದಾರಿಯನ್ನು ತೋರಿಸಿತು.

ಈ ಸರಳತೆಗೆ ಆಧಾರವಾಗಿದ್ದುದು ಒಂದು ಗ್ರಹಿಕೆ: ಯಂತ್ರ ಎದ್ದೇಳುವಾಗ ಇರುವ ಸಾಧನಗಳೇ ಅದು ಮಲಗುವವರೆಗೂ ಇರುತ್ತವೆ. ಯೂನಿಕ್ಸ್‌ನಲ್ಲಿ ಡಿಸ್ಕ್, ಟರ್ಮಿನಲ್ ಮುಂತಾದ ಸಾಧನಗಳು ಡೆವ್ ಎಂಬ ಕೋಶದೊಳಗೆ ಕಡತಗಳ ರೂಪದಲ್ಲಿ ಕಾಣಿಸುತ್ತವೆ. ಅಂಥ ಪ್ರತಿ ಕಡತವೂ ಯಾವ ಚಾಲಕ ತಂತ್ರಾಂಶ, ಅದರಡಿಯ ಎಷ್ಟನೆಯ ಸಾಧನ ಎಂದು ಸೂಚಿಸುವ ಮೇಜರ್ ಮತ್ತು ಮೈನರ್ ಸಂಖ್ಯೆಗಳನ್ನು ಹೊಂದಿರುತ್ತದೆ. ಇವನ್ನು ಮುಂಚಿತವಾಗಿಯೇ ಸೃಷ್ಟಿಸಿಡುತ್ತಿದ್ದುದರಿಂದ, ಯಂತ್ರದಲ್ಲಿ ಇಲ್ಲದ ಸಾಧನಗಳಿಗೂ ಸೇರಿ ಸಾವಿರಾರು ಕಡತಗಳು ತುಂಬಿಕೊಳ್ಳುತ್ತಿದ್ದವು. ಯುಎಸ್‌ಬಿ ಬಂದು, ಸಾಧನಗಳನ್ನು ಬೇಕೆಂದಾಗ ಜೋಡಿಸಿ ಬೇಡವೆಂದಾಗ ತೆಗೆಯುವುದು ರೂಢಿಯಾದ ಮೇಲೆ ಆ ಗ್ರಹಿಕೆ ಮುರಿದುಬಿತ್ತು.

ರಿಚರ್ಡ್ ಗೂಚ್ ರೂಪಿಸಿದ, 2000ದಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿದ ಡೆವ್‌ಎಫ್‌ಎಸ್ ಮೊದಲ ಪರಿಹಾರವಾಗಿತ್ತು: ಇರುವ ಸಾಧನಗಳ ಕಡತಗಳನ್ನಷ್ಟೇ ಕರ್ನಲ್ ತಾನೇ ಸೃಷ್ಟಿಸುತ್ತಿತ್ತು. ಆದರೆ ಹೆಸರಿಡುವ ನಿಯಮವೂ ಕರ್ನಲ್ಲಿನೊಳಗೇ ಸೇರಿಕೊಂಡದ್ದು ಆಕ್ಷೇಪಕ್ಕೆ ಗುರಿಯಾಯಿತು. 2003ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಪರಿಚಯಿಸಿದ ಯುಡೆವ್ ಈ ಹೊಣೆಯನ್ನು ಇಬ್ಭಾಗ ಮಾಡಿತು. ಸಾಧನ ಬಂದದ್ದನ್ನೂ ಹೋದದ್ದನ್ನೂ ಕರ್ನಲ್ ಸಾರಿದರೆ, ಅದರ ಹೆಸರು ಮತ್ತು ಬಳಕೆಯ ಅನುಮತಿಗಳನ್ನು ಬಳಕೆದಾರ ವಲಯದ ಯುಡೆವ್ ತನ್ನ ನಿಯಮಗಳಂತೆ ತೀರ್ಮಾನಿಸುತ್ತಿತ್ತು. 2009ರ ಕೊನೆಯಲ್ಲಿ ಬಿಡುಗಡೆಯಾದ 2.6.32ನೆಯ ಕರ್ನಲ್‌ನ ಡೆವ್‌ಟಿಎಂಪಿಎಫ್‌ಎಸ್ ಮೂಲ ಕಡತಗಳ ಸೃಷ್ಟಿಯನ್ನು ಮತ್ತೆ ಕರ್ನಲ್ಲಿಗೇ ಒಪ್ಪಿಸಿ, ನಿಯಮಗಳನ್ನು ಹೊರಗೇ ಉಳಿಸಿತು. ಹತ್ತು ವರ್ಷಗಳ ಈ ಹೋಗಿಬರುವಿಕೆಯಿಂದ ದಕ್ಕಿದ್ದು ಎಲ್ಲಿ ಗೆರೆ ಎಳೆಯಬೇಕೆಂಬ ಅರಿವು.

ಸಾಧನಗಳ ಬರವು ಅನಿಶ್ಚಿತವಾದಾಗ ಆರಂಭದ ಸರದಿಯೂ ಅಸ್ಥಿರವಾಯಿತು. ಡಿಸ್ಕ್ ಕಾಣಿಸಿಕೊಳ್ಳುವ ಮೊದಲೇ ಅದನ್ನು ಹುಡುಕಿದ ಸ್ಕ್ರಿಪ್ಟ್ ವಿಫಲವಾಗುತ್ತಿತ್ತು. ಅದನ್ನು ತಪ್ಪಿಸಲು ಕೆಲವು ಸೆಕೆಂಡು ಸುಮ್ಮನೆ ಕಾಯುವ ಆದೇಶವನ್ನು ಸೇರಿಸುವುದು ಊಹೆಯ ಮೇಲೆ ನಿಂತ ಉಪಾಯವಾಗಿತ್ತು. 2005ರಲ್ಲಿ ಸೊಲಾರಿಸ್ 10ರ ಎಸ್‌ಎಂಎಫ್ ಮತ್ತು ಆಪಲ್‌ನ ಲಾಂಚ್‌ಡಿ, 2006ರಲ್ಲಿ ಉಬುಂಟುವಿನ ಅಪ್‌ಸ್ಟಾರ್ಟ್ ಸೇವೆಗಳ ನಿರಂತರ ಉಸ್ತುವಾರಿಯನ್ನೂ ಆರಂಭದ ವ್ಯವಸ್ಥೆಗೆ ವಹಿಸಿದವು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೈ ಸೀವರ್ಸ್ ಮುಂದಿಟ್ಟ ಸಿಸ್ಟಂಡಿ ಸಾಧನ, ಸೇವೆ, ಪ್ರಕ್ರಿಯೆಗಳ ಸಂಪರ್ಕ ಬಿಂದುಗಳಾದ ಸಾಕೆಟ್ಟುಗಳನ್ನು ಯೂನಿಟ್ ಎಂಬ ಒಂದೇ ಕಲ್ಪನೆಯಡಿ ತಂದು, ಅವುಗಳ ಅವಲಂಬನೆಯನ್ನು ಘೋಷಣೆಗಳ ರೂಪದಲ್ಲಿ ಬರೆಸಿತು. ಸೇವೆಯೊಂದು ಹುಟ್ಟಿಸಿದ ಎಲ್ಲ ಪ್ರಕ್ರಿಯೆಗಳನ್ನೂ ಕರ್ನಲ್‌ನ ನಿಯಂತ್ರಣ ಗುಂಪುಗಳ ಮೂಲಕ ಜಾಡು ಹಿಡಿಯುವ ಅದರ ಕ್ರಮ ಹಳೆಯ ಸ್ಕ್ರಿಪ್ಟುಗಳ ದೊಡ್ಡ ಕೊರತೆಯೊಂದನ್ನು ನೀಗಿಸಿತು.

2011ರಲ್ಲಿ ಫೆಡೋರಾ 15 ಎಂಬ ಲಿನಕ್ಸ್ ವಿತರಣೆ ಸಿಸ್ಟಂಡಿಯನ್ನು ಅಳವಡಿಸಿಕೊಂಡಿತು. ಮರುವರ್ಷ ಯುಡೆವ್‌ನ ಮೂಲಸಂಕೇತವೇ ಸಿಸ್ಟಂಡಿಯೊಳಗೆ ವಿಲೀನವಾದಾಗ, ಒಂದನ್ನು ಒಪ್ಪಿದವರು ಇನ್ನೊಂದಕ್ಕೂ ಬದ್ಧರಾಗಬೇಕಾದೀತೆಂಬ ಆತಂಕದಿಂದ ಜೆಂಟೂ ಅಭಿವೃದ್ಧಿಕಾರರು ಇಯುಡೆವ್ ಎಂಬ ಕವಲನ್ನು ಆರಂಭಿಸಿದರು. 2014ರ ಫೆಬ್ರವರಿಯಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿಯಲ್ಲಿ ಮತಗಳು ಸಮನಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಂಡಿ ಆಯ್ಕೆಯಾಯಿತು. ಅದನ್ನು ಒಪ್ಪದವರು ಡೆವುವಾನ್ ಎಂಬ ಪ್ರತ್ಯೇಕ ವಿತರಣೆಯನ್ನೇ ಕಟ್ಟಿದರು.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಧಾರೆಯೂ ಹರಿಯುತ್ತಿತ್ತು. ಡೇನಿಯಲ್ ಬರ್ನ್‌ಸ್ಟೈನ್ ಅವರ ಡೀಮನ್‌ಟೂಲ್ಸ್ ಪ್ರತಿ ಸೇವೆಗೂ ಒಂದು ಪುಟ್ಟ ಕಾವಲು ಪ್ರಕ್ರಿಯೆಯನ್ನು ನೇಮಿಸಿ, ಸೇವೆ ಸತ್ತರೆ ಮತ್ತೆ ಎಬ್ಬಿಸುವ ವಿಧಾನವನ್ನು ರೂಪಿಸಿತ್ತು. ರನಿಟ್ ಮತ್ತು ಎಸ್6 ಈ ವಿಧಾನವನ್ನು ಬೆಳೆಸಿದವು. ವಾಯ್ಡ್ ಲಿನಕ್ಸ್ ರನಿಟ್‌ನ ಮೇಲೂ, ಆಲ್ಪೈನ್ ಲಿನಕ್ಸ್ ಓಪನ್‌ಆರ್‌ಸಿ ಎಂಬ ಇನ್ನೊಂದು ಆರಂಭ ವ್ಯವಸ್ಥೆಯ ಮೇಲೂ ನಿಂತು, ಆಧುನಿಕ ಯಂತ್ರಗಳಿಗೆ ದೊಡ್ಡ ವ್ಯವಸ್ಥೆಯೊಂದೇ ಗತಿಯಲ್ಲ ಎಂಬುದಕ್ಕೆ ಸಾಕ್ಷಿಯಾಗಿವೆ.

ಈ ಬೆಳವಣಿಗೆಯನ್ನು ಒಟ್ಟಾಗಿ ನೋಡಿದರೆ, ಸಂಕೀರ್ಣತೆಯ ಮೂಲ ಬದಲಾದ ಯಂತ್ರಾಂಶದಲ್ಲಿಯೇ ಇತ್ತೆಂಬುದೂ, ಅದನ್ನು ಯಾರ ಹಟವೂ ಹುಟ್ಟುಹಾಕಲಿಲ್ಲವೆಂಬುದೂ ಸ್ಪಷ್ಟವಾಗುತ್ತದೆ. ಹಳೆಯ ಸ್ಕ್ರಿಪ್ಟುಗಳು ಚಿಕ್ಕವಾಗಿದ್ದರೂ ಅವುಗಳ ಸರಿತನದ ಹೊರೆ ನಿರ್ವಾಹಕರ ನೆನಪಿನ ಮೇಲಿತ್ತು. ಸಿಸ್ಟಂಡಿ ಆ ಹೊರೆಯನ್ನು ಇಳಿಸಿತಾದರೂ, ಬಿಡಿಯಾಗಿ ಬದಲಾಯಿಸಬಹುದಾಗಿದ್ದ ಭಾಗಗಳನ್ನು ಬಿಗಿಯಾಗಿ ಹೆಣೆಯಿತು. ಆದ್ದರಿಂದ ಸರಳತೆಯನ್ನು ಸಾಲುಗಳ ಸಂಖ್ಯೆಯಿಂದ ಅಳೆಯುವುದಕ್ಕಿಂತ, ದೋಷ ಕಾಣಿಸಿಕೊಂಡಾಗ ಅದರ ನೆಲೆಯನ್ನು ಗುರುತಿಸಲು ಸಾಧ್ಯವೇ, ಆ ಒಂದು ಭಾಗವನ್ನಷ್ಟೇ ತೆಗೆದು ಬೇರೊಂದನ್ನು ಕೂರಿಸಬಹುದೇ ಎಂಬ ಎರಡು ಪ್ರಶ್ನೆಗಳಿಂದ ಅಳೆಯುವುದೇ ನ್ಯಾಯವಾದ ಕ್ರಮ. ಮೊದಲ ಪ್ರಶ್ನೆಯನ್ನು ಕಡೆಗಣಿಸಿದ ಹಳೆಯ ಪದ್ಧತಿಯೂ ಎರಡನೆಯದನ್ನು ಹಗುರವಾಗಿ ಕಂಡ ಹೊಸ ಪದ್ಧತಿಯೂ ಟೀಕೆಗೆ ಒಳಗಾದದ್ದು ಸಹಜವೇ ಆಗಿತ್ತು.