ಎಣ್ಣೆ ಸೋರದ ಸುಖ

ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿದೂ ತುಳಿದೂ ಕಾಲು ನೋಯುವಾಗ, ಇದನ್ನ ಸುಖ ಅನ್ನೋರಿಗೆ ತಲೆ ಕೆಟ್ಟಿದೆ ಅನ್ಸುತ್ತೆ. ಆದ್ರೆ ಮಜ್ದಾ ಮಿಯಾಟಾದ ಕಥೆ ಓದಿ ನಾನೂ ಅವರ ಗುಂಪಿಗೇ ಸೇರಿಬಿಟ್ಟೆ!

ಟಾಪ್ ಮಡಚುವ ಪುಟ್ಟ ಸ್ಪೋರ್ಟ್ಸ್ ಕಾರುಗಳಿಗೆ ಬ್ರಿಟಿಷರು ಹೆಸರುವಾಸಿ. ಮಜಾ ಇತ್ತು, ಎಣ್ಣೆ ಸೋರೋದೂ ಇತ್ತು. 1980ರಲ್ಲಿ ಎಂಜಿಬಿ ನಿಂತೇಹೋಯ್ತು. ಅದಕ್ಕೆ ಒಂದು ವರ್ಷ ಮೊದಲೇ ಅಮೆರಿಕದ ಪತ್ರಕರ್ತ ಬಾಬ್ ಹಾಲ್, ಅಂಥದ್ದೊಂದು ಕಾರು ಮಾಡಿ ಅಂತ ಮಜ್ದಾದ ಕೆನಿಚಿ ಯಮಾಮೊಟೊಗೆ ಹೇಳಿದ್ದರು. 1989ರಲ್ಲಿ ಶಿಕಾಗೋ ಪ್ರದರ್ಶನಕ್ಕೆ ಮಿಯಾಟಾ ಬಂತು: 1.6 ಲೀಟರ್ ಎಂಜಿನ್, ಐದು ಗೇರ್, ಒಂದು ಟನ್ನಿಗೂ ಕಮ್ಮಿ ತೂಕ. ಕುದುರೆ-ಸವಾರ ಒಂದಾಗಬೇಕು ಅನ್ನೋದು ಗುರಿ. 2016ಕ್ಕೆ ಹತ್ತು ಲಕ್ಷ ಕಾರು ತಯಾರಾದವು.

ಜಪಾನಿನವರು ಎಣ್ಣೆ ಸೋರೋದನ್ನ ನಿಲ್ಲಿಸಿದರು, ಗೇರ್ ಹಾಕೋದನ್ನ ಉಳಿಸಿದರು. ದಿನವಿಡೀ ಆಟೊಮೇಶನ್ ಕೋಡ್ ಬರೆಯುವ ನಾನು ಈ ವ್ಯತ್ಯಾಸ ನೋಡ್ತಾ ಇದ್ದೀನಾ? ಗೊತ್ತಿಲ್ಲ... ನೀವೇನಂತೀರಿ?