ಪರದೇಶದ ಖರ್ಚು: ಹಮ್ಮಿಣಿಯಿಂದ ಕಾರ್ಡಿನವರೆಗೆ

ನಮ್ಮ ಗಡಿ ಹಳ್ಳಿಗಳಿಂದ ದುಡಿಮೆಗೆ, ಓದಿಗೆ, ಯಾತ್ರೆಗೆ ಎಂದು ಜನ ಹೊರದೇಶಕ್ಕೆ ಹೋಗುವುದು ಈಗ ಹೊಸತೇನಲ್ಲ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಒಂದು ವಾದ ಎದ್ದೇ ಏಳುತ್ತದೆ. "ನೋಟು ಸೊಂಟಕ್ಕೆ ಕಟ್ಟಿಕೊಂಡು ಹೋಗಪ್ಪಾ, ಕೈಯಲ್ಲಿದ್ದದ್ದೇ ದುಡ್ಡು" ಎನ್ನುತ್ತಾಳೆ ಅವ್ವ. "ಕಾರ್ಡ್ ಇದೆಯಲ್ಲವ್ವಾ, ನೋಟು ಕಳೆದರೆ ಯಾರು ಕೊಡುತ್ತಾರೆ?" ಎನ್ನುತ್ತಾನೆ ಮಗ. ಈ ವಾದ ಕಾರ್ಡಿಗಿಂತ ಬಹಳ ಹಳೆಯದು. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಇನ್ನೂರು ವರ್ಷಗಳ ಹಿಂದೆಯೂ ಇದೇ ಪ್ರಶ್ನೆ ಇತ್ತು.

ನಾವು ಆಡುವ ಮಾತಿನಲ್ಲೇ ಅದರ ಗುರುತು ಉಳಿದಿದೆ. 'ಹಣ' ಎಂಬುದು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು. 'ದುಡ್ಡು' ತಾಮ್ರದ ನಾಣ್ಯ. ತೆಲುಗಿನ 'ಡಬ್ಬು' ಕೂಡ ತಾಮ್ರದ ನಾಣ್ಯವೇ. ಮನೆಯಲ್ಲಿ ದುಡ್ಡು, ಸಂತೆಯಲ್ಲಿ ಡಬ್ಬು ಎನ್ನುವ ನಾವು ದಿನವೂ ಹಳೆಯ ನಾಣ್ಯಗಳ ಹೆಸರನ್ನೇ ಹೇಳುತ್ತಿದ್ದೇವೆ.

1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲಗಳೆಂದು ಹೆಸರಾದ ಈ ಪ್ರದೇಶಕ್ಕೆ ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಗಡಿಯಾಚೆ ಮೈಸೂರು ಅರಸರ ರಾಜ್ಯ. ರಾಯದುರ್ಗದವನಿಗೆ ಮೊಳಕಾಲ್ಮೂರು, ಮಡಕಶಿರಾದವನಿಗೆ ಶಿರಾ, ಮಧುಗಿರಿ, ಇವೆಲ್ಲ ನೆರೆಯ ಊರುಗಳೇ. ಆದರೆ ನಾಣ್ಯದ ಲೆಕ್ಕದಲ್ಲಿ ಪರದೇಶ. ಅಲ್ಲಿ ಮೈಸೂರು ಟಂಕಸಾಲೆಯ ಆನೆ ಚಿತ್ರದ ತಾಮ್ರದ ಕಾಸು ಮತ್ತು ಕಂಠೀರಾಯಿ ಹಣದ ಲೆಕ್ಕ. ಇಲ್ಲಿ ಕಂಪನಿಯ ವರಹ, ಕಂಪನಿಯ ಕಾಸು. ಒಂದು ನಾಣ್ಯ ಕೊಟ್ಟು ಇನ್ನೊಂದು ಪಡೆಯಲು ಚಿನಿವಾರನ ಮುಂದೆ ಕೂರಬೇಕು. ಅವನು ನಾಣ್ಯವನ್ನು ತೂಗಿ, ಉಜ್ಜಿ ನೋಡಿ, ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದ. ಆ ಮುರಿತಕ್ಕೆ 'ವಟ್ಟ' ಎಂದು ಹೆಸರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಾಣ್ಯವನ್ನು ಒಯ್ಯುವುದಾದರೂ ಹೇಗೆ? ಉದ್ದನೆಯ ಹಮ್ಮಿಣಿ ಚೀಲಕ್ಕೆ ತುಂಬಿ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದರು. ಭಾರ ಒಂದು ಕಡೆ, ಕಳ್ಳರ ಭಯ ಇನ್ನೊಂದು ಕಡೆ. ಆದ್ದರಿಂದ ದೊಡ್ಡ ವ್ಯಾಪಾರಿಗಳು ಹುಂಡಿಯನ್ನು ನೆಚ್ಚಿದರು. ಊರಿನ ಸಾಹುಕಾರನಲ್ಲಿ ಹಣ ಕಟ್ಟಿದರೆ ಅವನು ದೂರದ ಪೇಟೆಯ ತನ್ನ ಕಡೆಯವನಿಗೆ ಒಂದು ಚೀಟಿ ಬರೆದುಕೊಡುತ್ತಿದ್ದ. ಅಲ್ಲಿ ತೋರಿಸಿದ ಕೂಡಲೇ ಹಣ ಸಿಕ್ಕುವುದು ದರ್ಶನಿ ಹುಂಡಿ. ಗೊತ್ತಾದ ಗಡುವಿನ ಮೇಲೆ ಸಿಕ್ಕುವುದು ಮುದ್ದತಿ ಹುಂಡಿ. ಶಾಹಜೋಗ್ ಎಂಬ ಬಗೆಯ ಹುಂಡಿಗೆ ಪೇಟೆಯಲ್ಲಿ ಹೆಸರುಳ್ಳ ಗೃಹಸ್ಥನ ಮೂಲಕವೇ ಹಣ ಕೊಡಬೇಕು, ಕದ್ದವನು ತಂದರೆ ನಡೆಯದು. ಹುಂಡಿ ಕಳೆದುಹೋದರೆ ಪೇಠ್ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ಪರಪೇಠ್ ಎಂಬ ಮೂರನೆಯ ಪ್ರತಿ. ಕಾರ್ಡ್ ಕಳೆದಾಗ ಬ್ಯಾಂಕಿಗೆ ತಿಳಿಸಿ ಹಳೆಯದನ್ನು ನಿಲ್ಲಿಸಿ ಹೊಸದು ಪಡೆಯುತ್ತೇವಲ್ಲ, ಅದರ ಪೂರ್ವಜ ಇದು.

1835ರಲ್ಲಿ ಕಂಪನಿ ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ರೂಪಾಯಿ ತಂದಿತು. 1843ರಲ್ಲಿ ಮೈಸೂರಿನ ಟಂಕಸಾಲೆ ಮುಚ್ಚಿತು. ಮುಂದೆ ಗಡಿಗಳು ಬದಲಾದವು: 1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಅನಂತಪುರ ಜಿಲ್ಲೆಯೊಡನೆ ಆಂಧ್ರಕ್ಕೆ ಸೇರಿತು, 2022ರಲ್ಲಿ ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕಚೇರಿಯ ಭಾಷೆ ಬದಲಾಯಿತು, ರೂಪಾಯಿ ಬದಲಾಗಲಿಲ್ಲ. ನಾಣ್ಯದ ಪರದೇಶ ಸಮುದ್ರದಾಚೆಗೆ ಸರಿಯಿತು.

ಅದೂ ಒಮ್ಮೆಗೇ ಸರಿಯಲಿಲ್ಲ. ಇಂದು ರಾಯಲಸೀಮೆಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಕುವೈತಿನಲ್ಲಿ ಮನೆಗೆಲಸ ಮಾಡಿ ದಿನಾರ್ ಗಳಿಸುತ್ತಾರೆ. ಆ ಕುವೈತಿನಲ್ಲಿ 1961ರವರೆಗೆ ನಡೆಯುತ್ತಿದ್ದದ್ದು ಭಾರತದ ರೂಪಾಯಿಯೇ! ಅಲ್ಲಿಗೆ ಹೋದ ರೂಪಾಯಿ ನೋಟುಗಳಿಂದ ಚಿನ್ನ ಕೊಂಡು ಕಳ್ಳತನದಲ್ಲಿ ಇಲ್ಲಿಗೆ ತರುವುದು ಹೆಚ್ಚಿದಾಗ, ರಿಜರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿ ದೇಶಗಳಿಗೆಂದೇ ಬೇರೆ ನೋಟು ಹೊರಡಿಸಿತು. ಕ್ರಮಸಂಖ್ಯೆಯ ಹಿಂದೆ ಝಡ್ ಅಕ್ಷರವಿದ್ದ ಆ ನೋಟು ಭಾರತದೊಳಗೆ ಚಲಾವಣೆಗೆ ಬರುತ್ತಿರಲಿಲ್ಲ. ಹಜ್ ಯಾತ್ರಿಕರಿಗೂ ಪ್ರತ್ಯೇಕ ನೋಟುಗಳು ಬಂದವು. 1961ರಲ್ಲಿ ಕುವೈತ್ ತನ್ನ ದಿನಾರ್ ತಂದಾಗ ಒಂದು ದಿನಾರಿಗೆ ಹದಿಮೂರು ಮತ್ತು ಮೂರನೆಯ ಒಂದು ರೂಪಾಯಿ ಮಾತ್ರ. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿತು, 4.76 ರೂಪಾಯಿಯ ಡಾಲರ್ 7.50 ಆಯಿತು. ನೋಟನ್ನು ಪೆಟ್ಟಿಗೆಯಲ್ಲಿಟ್ಟವನ ಗಂಟು ರಾತ್ರೋರಾತ್ರಿ ಕರಗಿತು. ಕೈಯಲ್ಲಿರುವ ನೋಟು ಕೂಡ ಒಂದು ಬಗೆಯ ಹುಂಡಿಯೇ, ಬರೆದುಕೊಟ್ಟವರ ಮೇಲಿನ ನಂಬಿಕೆಯಿಂದಲೇ ಅದು ನಡೆಯುತ್ತದೆ. 2016ರ ನವೆಂಬರ್ 8ರ ರಾತ್ರಿ ಇದು ನಮಗೆಲ್ಲ ಅನುಭವಕ್ಕೆ ಬಂದ ಮಾತು.

ವಿದೇಶಿ ವಿನಿಮಯದ ಕಟ್ಟುನಿಟ್ಟಿನ ಕಾಲವೂ ಇತ್ತು. ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದೆವು ಎಂದು ಆ ಕಾಲದ ವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ. ಹುಂಡಿಯ ಗುಣವನ್ನೇ ಹೋಲುವ ಟ್ರಾವೆಲರ್ಸ್ ಚೆಕ್ಕನ್ನು ಅಮೆರಿಕನ್ ಎಕ್ಸ್‌ಪ್ರೆಸ್ 1891ರಲ್ಲಿ ತಂದಿತ್ತು. ಕೊಳ್ಳುವಾಗ ಒಂದು ಸಹಿ, ಖರ್ಚು ಮಾಡುವಾಗ ಇನ್ನೊಂದು ಸಹಿ. ಕಳೆದರೆ ಮತ್ತೆ ಕೊಡುತ್ತಿದ್ದರು. ಕಾರ್ಡ್ ಬಂದ ಮೇಲೆ ಅದೂ ಬಹುಮಟ್ಟಿಗೆ ಮರೆಯಾಯಿತು.

ಈಗ ಚಿನಿವಾರ ಎದುರಿಗೆ ಕೂತಿಲ್ಲ, ಆದರೆ ವಟ್ಟ ಹೋಗಿಲ್ಲ. ನೋಟು ಬದಲಿಸುವ ಅಂಗಡಿಯಲ್ಲಿ ಅದು ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರದಲ್ಲಿದೆ. ಕಾರ್ಡಿನಲ್ಲಿ ಅದು ತಿಂಗಳ ಪಟ್ಟಿಯಲ್ಲಿ ಅಡಗಿದೆ: ನೂರಕ್ಕೆ ಮೂರರಂತೆ ಹಿಡಿದರೆ ಹತ್ತು ಸಾವಿರದ ಖರ್ಚಿಗೆ ಮುನ್ನೂರು ರೂಪಾಯಿ. ಪರದೇಶದ ಅಂಗಡಿಯ ಯಂತ್ರ ಒಮ್ಮೊಮ್ಮೆ "ರೂಪಾಯಿಯಲ್ಲಿ ಕೊಡುವಿರಾ?" ಎಂದು ಕೇಳುತ್ತದೆ. ನಮ್ಮ ರೂಪಾಯಿಯ ಹೆಸರು ಕಂಡು ಸಂತೋಷದಿಂದ ಒತ್ತಬೇಡಿ. ಅಲ್ಲಿ ಇನ್ನೊಂದು ವಟ್ಟ ಸೇರಿರುವುದೇ ಹೆಚ್ಚು. ಆ ದೇಶದ ಹಣವನ್ನೇ ಆರಿಸಿ. 2020ರ ನಂತರ ಕೊಡುವ ಕಾರ್ಡುಗಳಲ್ಲಿ ಹೊರದೇಶದ ಬಳಕೆ ಮೊದಲಿಗೆ ಮುಚ್ಚಿಯೇ ಇರುತ್ತದೆ. ಊರು ಬಿಡುವ ಮೊದಲೇ ಬ್ಯಾಂಕಿನಲ್ಲಿ ತೆರೆಸಿಕೊಳ್ಳದಿದ್ದರೆ ಅದು ಬರೀ ಪ್ಲಾಸ್ಟಿಕ್ ತುಂಡು. ಕನ್ನಡವೂ ನಡೆಯದ, ತೆಲುಗೂ ನಡೆಯದ ಊರಿನಲ್ಲಿ ರಾತ್ರಿ ಇಳಿದವನಿಗೆ ಆಗ ಒಂದು ಲೋಟ ನೀರೂ ದುರ್ಲಭ.

ಹಾಗಾದರೆ ಅವ್ವನ ಮಾತು ಸರಿಯೋ, ಮಗನ ಮಾತೋ? ಹಿಂದಿನ ವ್ಯಾಪಾರಿ ಹುಂಡಿಯನ್ನು ನಂಬಿ ಹಮ್ಮಿಣಿಯನ್ನು ಬಿಸಾಡಲಿಲ್ಲ. ದಾರಿಯ ಖರ್ಚಿಗೆ ನಾಣ್ಯ, ಪೇಟೆಯ ಖರ್ಚಿಗೆ ಚೀಟಿ. ಇಂದಿಗೂ ಅದೇ ಸರಿ. ಮೊದಲ ಕೆಲವು ದಿನಗಳ ಊಟ, ಬಾಡಿಗೆಗೆ ಆ ದೇಶದ ನೋಟು ಇರಲಿ, ಉಳಿದದ್ದು ಕಾರ್ಡಿನಲ್ಲಿರಲಿ, ಎರಡನ್ನೂ ಒಂದೇ ಚೀಲದಲ್ಲಿ ಇಡುವುದು ಬೇಡ. ಯಾವುದನ್ನು ಹಿಡಿದರೂ ನಮ್ಮ ಹಿರಿಯರು ಚಿನಿವಾರನ ಮುಂದೆ ಕೇಳುತ್ತಿದ್ದ ಪ್ರಶ್ನೆಯನ್ನು ಮರೆಯದೆ ಕೇಳಿ: "ವಟ್ಟ ಎಷ್ಟು ಸ್ವಾಮಿ?"